ಸಂಗೀತ ಮತ್ತು ಕಲೆಯ ಅವಧಿಗಳ ಕುರಿತು ಪೋಷಕರಿಗೆ ಪತ್ರ

ಮಾನ್ಯ ಪೋಷಕರೇ,

ನಮಸ್ಕಾರಗಳು.

ಕಳೆದ ಪೋಷಕರ ಸಭೆಯಲ್ಲಿ ಐದನೆಯ ತರಗತಿಯ ಕೆಲವು ಮಕ್ಕಳ ತಂದೆತಾಯಂದಿರು ಒಂದು ಬೇಡಿಕೆಯನ್ನು ಮುಂದಿಟ್ಟಿದ್ದರು. ವೇಳಾಪಟ್ಟಿಯಲ್ಲಿ ಸಂಗೀತಕ್ಕೂ ಚಿತ್ರಕಲೆ ಹಾಗೂ ಕಸೂತಿಗೂ ಇರುವ ವಾರದ ನಾಲ್ಕು ಅವಧಿಗಳನ್ನು ಈ ವರ್ಷದ ಮಟ್ಟಿಗಾದರೂ ನವೋದಯ ಮತ್ತು ಮೊರಾರ್ಜಿ ದೇಸಾಯಿ ವಸತಿ ಶಾಲೆಗಳ ಪ್ರವೇಶ ಪರೀಕ್ಷೆಯ ತಯಾರಿಗೆ ಬಿಟ್ಟುಕೊಡಬೇಕು ಎಂಬುದು ಅವರ ಕೋರಿಕೆ. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯಲ್ಲಿ ಇದನ್ನು ಚರ್ಚಿಸಿ, ಈ ಅವಧಿಗಳನ್ನು ಹಾಗೆಯೇ ಉಳಿಸಿಕೊಳ್ಳುವುದೆಂದೂ, ಪ್ರವೇಶ ಪರೀಕ್ಷೆ ಬರೆಯುವ ಮಕ್ಕಳಿಗೆ ಸಂಜೆ ಶಾಲೆ ಬಿಟ್ಟ ಮೇಲೆ ಮುಕ್ಕಾಲು ಗಂಟೆ ಪ್ರತ್ಯೇಕವಾಗಿ ಪಾಠ ಮಾಡುವುದೆಂದೂ ತೀರ್ಮಾನಿಸಿದ್ದೇವೆ. ಬೇಡಿಕೆ ಇಟ್ಟವರ ಕಾಳಜಿ ಸಹಜವಾದದ್ದು. ಆದ್ದರಿಂದ ತೀರ್ಮಾನದ ಹಿಂದಿನ ಕಾರಣಗಳನ್ನೂ ವಿವರವಾಗಿ ತಿಳಿಸುವುದು ನನ್ನ ಕರ್ತವ್ಯವೆಂದು ಭಾವಿಸಿದ್ದೇನೆ.

ನವೋದಯ ಪರೀಕ್ಷೆಯಲ್ಲಿ 80 ಪ್ರಶ್ನೆಗಳಿಗೆ 100 ಅಂಕಗಳಿದ್ದು, ಎರಡು ಗಂಟೆಯ ಅವಧಿಯಿರುತ್ತದೆ. ಅದರಲ್ಲಿ 40 ಪ್ರಶ್ನೆಗಳು ಮಾನಸಿಕ ಸಾಮರ್ಥ್ಯಕ್ಕೆ ಸಂಬಂಧಿಸಿದವು: ಕನ್ನಡಿಯಲ್ಲಿ ಆಕೃತಿ ಹೇಗೆ ಕಾಣುತ್ತದೆ, ಅರ್ಧ ಬಿಟ್ಟ ವಿನ್ಯಾಸವನ್ನು ಯಾವ ತುಂಡು ಪೂರ್ತಿ ಮಾಡುತ್ತದೆ, ಮಡಿಚಿ ಕತ್ತರಿಸಿದ ಕಾಗದವನ್ನು ಬಿಡಿಸಿದಾಗ ಏನು ಕಾಣುತ್ತದೆ ಎಂಬಂಥವು. ಇದನ್ನು ಓದಿದ ಯಾರಿಗಾದರೂ, ಚಿತ್ರ ಬಿಡಿಸುವ ಮತ್ತು ಕಸೂತಿ ಹಾಕುವ ಮಗುವಿಗೆ ಇಂಥ ಪ್ರಶ್ನೆ ಸುಲಭವಾದೀತಲ್ಲ ಎನ್ನಿಸಬಹುದು. ಆಗಲೂಬಹುದು. ಆದರೆ ಆ ಆಸೆ ತೋರಿಸಿ ಕಲೆಯ ಅವಧಿಗಳನ್ನು ಸಮರ್ಥಿಸಿಕೊಳ್ಳಲು ನನಗೆ ಮನಸ್ಸಿಲ್ಲ. ಜಿಲ್ಲೆಯ ನವೋದಯ ಶಾಲೆಯಲ್ಲಿ ಆರನೆಯ ತರಗತಿಗೆ ಇರುವ ಸೀಟುಗಳು ಹೆಚ್ಚೆಂದರೆ 80. ಪರೀಕ್ಷೆ ಬರೆಯುವವರ ತಯಾರಿಗೆಂದು ಇಡೀ ತರಗತಿಯ ಹಾಡನ್ನೂ ಬಣ್ಣವನ್ನೂ ಕಸಿದುಕೊಂಡರೆ, ಪರೀಕ್ಷೆಗೆ ಕೂರದೆ ಇದೇ ಶಾಲೆಯಲ್ಲಿ ಮುಂದುವರಿಯುವ ಮಕ್ಕಳಿಗೆ ನಾವು ಏನು ಉತ್ತರ ಹೇಳಬೇಕು?

ಸಂಗೀತ ಕೇಳಿದರೆ ಮಕ್ಕಳ ಬುದ್ಧಿ ಬೆಳೆಯುತ್ತದೆ ಎಂಬ ಸಂದೇಶಗಳು ಮೊಬೈಲಿನಲ್ಲಿ ಆಗಾಗ ಹರಿದಾಡುತ್ತವೆ. ಸಭೆಯಲ್ಲಿ ನಮ್ಮ ಪರವಾಗಿ ಮಾತಾಡಿದವರೊಬ್ಬರೂ ಇದನ್ನೇ ಹೇಳಿದರು. ಈ ಮಾತಿನ ಮೂಲ 1993ರಲ್ಲಿ ಅಮೆರಿಕದಲ್ಲಿ ನಡೆದ ಒಂದು ಸಣ್ಣ ಪ್ರಯೋಗ. ಅದರಲ್ಲಿ ಭಾಗವಹಿಸಿದವರು ಮಕ್ಕಳಲ್ಲ, ಕಾಲೇಜು ವಿದ್ಯಾರ್ಥಿಗಳು. ಹತ್ತು ನಿಮಿಷ ಮೊಜಾರ್ಟನ ಸಂಗೀತ ಕೇಳಿದ ಮೇಲೆ ಒಂದು ಬಗೆಯ ಆಕೃತಿಯ ಲೆಕ್ಕಗಳಲ್ಲಿ ಅವರು ಸ್ವಲ್ಪ ಮುಂದಿದ್ದರು. ಆ ಪರಿಣಾಮ ಕಾಲು ಗಂಟೆಯೂ ಮೀರಿ ಉಳಿಯಲಿಲ್ಲ. ಇಂಥ ಆಧಾರದ ಮೇಲೆ ಶಾಲೆಯೊಂದು ತನ್ನ ವೇಳಾಪಟ್ಟಿಯನ್ನು ಕಟ್ಟಲಾಗದು.

ನಮ್ಮ ಆಧಾರ ಬೇರೆ. ಕಡ್ಡಾಯ ಶಿಕ್ಷಣದ 2009ರ ಕಾಯ್ದೆ ಮಗುವಿನ ಸರ್ವತೋಮುಖ ಬೆಳವಣಿಗೆಯನ್ನು ಪಠ್ಯಕ್ರಮದ ಗುರಿಗಳಲ್ಲಿ ಸೇರಿಸಿದೆ. ನೂರಕ್ಕಿಂತ ಹೆಚ್ಚು ಮಕ್ಕಳಿರುವ ಹಿರಿಯ ಪ್ರಾಥಮಿಕ ಶಾಲೆಗಳಿಗೆ ಕಲಾ ಶಿಕ್ಷಣದ ಅರೆಕಾಲಿಕ ಬೋಧಕರು ಬೇಕೆಂದು ಅದರ ಅನುಸೂಚಿಯೇ ಹೇಳುತ್ತದೆ. ಶಾಲಾ ಶಿಕ್ಷಣದ 2023ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ದೃಶ್ಯಕಲೆ, ಸಂಗೀತ, ನೃತ್ಯ, ರಂಗಭೂಮಿ ಇವನ್ನು ಗಣಿತ, ವಿಜ್ಞಾನಗಳಂತೆಯೇ ಕಲಿಕೆಯ ಒಂದು ಕ್ಷೇತ್ರವಾಗಿ ಕಂಡಿದೆ. ಕಾಗದದ ಮೇಲಿನ ಈ ಮಾತುಗಳಿಗಿಂತ ತರಗತಿಯಲ್ಲಿ ನಿಜವಾಗಿ ಏನು ನಡೆಯುತ್ತದೆ ಎಂಬುದು ತಮಗೆ ಹೆಚ್ಚು ಮುಖ್ಯ ಎಂಬುದನ್ನು ಬಲ್ಲೆ.

ಒಂದರಿಂದ ಮೂರನೆಯ ತರಗತಿಯವರೆಗೆ ನಲಿ-ಕಲಿ ಪದ್ಧತಿಯಲ್ಲಿ ಹಾಡು, ಆಟ, ಚಿತ್ರ ಎಲ್ಲವೂ ಪಾಠದ ಒಳಗೇ ಇರುವುದರಿಂದ ಅಲ್ಲಿ ಪ್ರತ್ಯೇಕ ಅವಧಿಯ ಪ್ರಶ್ನೆಯಿಲ್ಲ. ನಾಲ್ಕನೆಯ ತರಗತಿಯಿಂದ ಮೇಲೆ ಸಂಗೀತದ ಪಾಠ ಶುರುವಾಗುತ್ತದೆ. ಸಂಗೀತಕ್ಕೆಂದೇ ನೇಮಕಗೊಂಡ ಶಿಕ್ಷಕರು ನಮ್ಮಲ್ಲಿಲ್ಲ. ಪೇಟಿ (ಹಾರ್ಮೋನಿಯಂ) ನುಡಿಸಬಲ್ಲ ನಮ್ಮ ಕನ್ನಡ ಶಿಕ್ಷಕರೊಬ್ಬರು ಈ ಹೊಣೆಯನ್ನು ಹೊತ್ತಿದ್ದಾರೆ. ಬೆಳಗಿನ ಪ್ರಾರ್ಥನೆಯಲ್ಲಿ ಮಕ್ಕಳು ಎತ್ತರದ ದನಿಯಲ್ಲಿ ಕೂಗುತ್ತಿದ್ದುದನ್ನು ತಾವು ಕೇಳಿರಬಹುದು. ಆ ಶಿಕ್ಷಕರು ಮೊದಲು ಮಾಡಿಸಿದ ಕೆಲಸವೆಂದರೆ ಆ ಕೂಗನ್ನು ನಿಲ್ಲಿಸಿ, ಪೇಟಿಯ ಒಂದು ಷಡ್ಜವನ್ನು, ಅಂದರೆ ‘ಸ’ ಸ್ವರವನ್ನು, ಕೇಳಿಸಿಕೊಂಡು ಅದರಲ್ಲಿ ದನಿ ಸೇರಿಸಲು ಕಲಿಸಿದ್ದು. ಅಲ್ಲಿಂದ ಶುದ್ಧ ಸ್ವರಗಳ ಅಲಂಕಾರಗಳು ಎಂಬ ಸ್ವರಾಭ್ಯಾಸಗಳು, ಆಮೇಲೆ ಐದೇ ಸ್ವರಗಳ ಭೂಪ ರಾಗ. ತೀನ್‌ತಾಲದ 16 ಮಾತ್ರೆಗಳನ್ನು ಕೈಯಲ್ಲಿ ಹಾಕುವಾಗ ಒಂದು, ಐದು, ಹದಿಮೂರಕ್ಕೆ ಚಪ್ಪಾಳೆ ತಟ್ಟಿ, ಒಂಬತ್ತಕ್ಕೆ ಕೈಯನ್ನು ಖಾಲಿ ಬೀಸಬೇಕು. ಐವತ್ತು ಮಕ್ಕಳು ಒಟ್ಟಿಗೆ ಆ ಒಂಬತ್ತನೆಯ ಮಾತ್ರೆಗೆ ಸುಮ್ಮನಾಗುವುದು ಸುಲಭದ ಸಾಧನೆಯಲ್ಲ. ಪಕ್ಕದವರನ್ನು ಕೇಳಿಸಿಕೊಳ್ಳದ ಮಗುವಿಗೆ ಅದು ಸಾಧ್ಯವಾಗುವುದಿಲ್ಲ. ದನಿ ಚೆನ್ನಾಗಿಲ್ಲವೆಂದು ಯಾವ ಮಗುವನ್ನೂ ಈ ತರಗತಿಯಲ್ಲಿ ಹಿಂದೆ ಕೂರಿಸುವುದಿಲ್ಲ.

ನಾವಿರುವುದು ಧಾರವಾಡ ಜಿಲ್ಲೆ. ಮಲ್ಲಿಕಾರ್ಜುನ ಮನ್ಸೂರರು ಹುಟ್ಟಿದ ಮನ್ಸೂರು ಧಾರವಾಡದ ಮಗ್ಗುಲಲ್ಲಿದೆ. ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ರೈಲಿನಲ್ಲಿ ಕುಂದಗೋಳಕ್ಕೆ ಹೋಗಿ ಸವಾಯಿ ಗಂಧರ್ವರ ಬಳಿ ಕಲಿತು ಬರುತ್ತಿದ್ದರು; ಗದಗ ಸೀಮೆಯ ಭೀಮಸೇನ ಜೋಶಿಯವರೂ ಅದೇ ಗುರುವಿನ ಶಿಷ್ಯರು. ನಮ್ಮ ಮಕ್ಕಳಲ್ಲಿ ಇನ್ನೊಬ್ಬ ಭೀಮಸೇನರು ಹುಟ್ಟಲಿ ಎಂದು ಈ ಹೆಸರುಗಳನ್ನು ಹೇಳುತ್ತಿಲ್ಲ. ಇಂಥ ನೆಲದ ಮಗು ಏಳನೆಯ ತರಗತಿ ಮುಗಿಸಿದರೂ ಒಂದು ರಾಗವನ್ನು ಗುರುತಿಸಲಾರದೆ ಹೋದರೆ ಅದು ಶಾಲೆಯ ಕೊರತೆ ಎಂದಷ್ಟೇ ನನ್ನ ಅಭಿಪ್ರಾಯ.

ಕಸೂತಿಯ ಬಗ್ಗೆ ಸ್ವಲ್ಪ ಹೆಚ್ಚು ಬರೆಯಬೇಕಾಗಿದೆ, ಏಕೆಂದರೆ ಆಕ್ಷೇಪಗಳು ಹೆಚ್ಚು ಬಂದದ್ದು ಅದಕ್ಕೇ. ಗಂಡು ಹುಡುಗರ ಕೈಗೆ ಸೂಜಿ ಏಕೆ ಎಂದು ಕೆಲವರು ಕೇಳಿದ್ದಾರೆ. ಊರಿನಲ್ಲಿ ಬಟ್ಟೆ ಹೊಲಿದುಕೊಡುವ ದರ್ಜಿಗಳು ಬಹುತೇಕ ಗಂಡಸರೇ ಆಗಿರುವಾಗ ಈ ಪ್ರಶ್ನೆ ನನಗೆ ತುಸು ವಿಚಿತ್ರವಾಗಿ ಕಂಡಿತು. ಕಸೂತಿಯಲ್ಲಿ ಗಂಟಿ, ಮುರಗಿ, ನೇಗಿ, ಮೆಂತಿ ಎಂಬ ನಾಲ್ಕು ಹೊಲಿಗೆಗಳಿವೆ. ಇವುಗಳಿಗಾಗಿ ಬಟ್ಟೆಯ ಮೇಲೆ ಮೊದಲೇ ಚಿತ್ರ ಬರೆದುಕೊಳ್ಳುವ ಪದ್ಧತಿ ಇಲ್ಲ. ಬಟ್ಟೆಯ ಎಳೆಗಳನ್ನು ಎಣಿಸುತ್ತಲೇ ತೇರು, ಗೋಪುರ, ಆನೆ, ತುಳಸಿಕಟ್ಟೆಗಳನ್ನು ಮೂಡಿಸಬೇಕು. ಗಂಟಿಯಲ್ಲಿ ಸೂಜಿ ಹೋಗುವಾಗ ಒಂದು ಬಿಟ್ಟು ಒಂದು ಜಾಗ ತುಂಬುತ್ತ ಹೋಗಿ, ತಿರುಗಿ ಬರುವಾಗ ಬಿಟ್ಟ ಜಾಗಗಳನ್ನೆಲ್ಲ ತುಂಬುತ್ತ ಹೊರಟಲ್ಲಿಗೇ ಬರುತ್ತದೆ. ಹೀಗಾಗಿ ಬಟ್ಟೆಯ ಎರಡೂ ಮೈಯಲ್ಲಿ ವಿನ್ಯಾಸ ಒಂದೇ ಆಗಿ ಕಾಣುತ್ತದೆ. ನೂಲಿಗೆ ಗಂಟು ಹಾಕುವಂತಿಲ್ಲ. ಒಂದು ಎಳೆ ತಪ್ಪಿ ಎಣಿಸಿದರೂ ಕೊನೆಯಲ್ಲಿ ಆಕೃತಿ ಕೂಡುವುದಿಲ್ಲ, ತಪ್ಪಿದ ಜಾಗದವರೆಗೆ ಬಿಚ್ಚಿ ಮತ್ತೆ ಹಾಕಬೇಕಾಗುತ್ತದೆ. ತಪ್ಪು ಉತ್ತರಕ್ಕೆ ಶಿಕ್ಷಕರು ಕೆಂಪು ಗೆರೆ ಎಳೆಯುವ ಮೊದಲೇ ಮಗು ತಾನಾಗಿ ತಪ್ಪನ್ನು ಕಂಡುಕೊಳ್ಳುವ ಇಂಥ ಕಲಿಕೆ ನಮ್ಮ ಉಳಿದ ಪಾಠಗಳಲ್ಲಿ ವಿರಳ. ಇಳಕಲ್ ಸೀರೆಯ ಮೇಲೆ, ಕೂಸಿನ ಕುಂಚಿಗೆಗಳ ಮೇಲೆ ಈ ಹೊಲಿಗೆ ಹಾಕುತ್ತಿದ್ದ ಅಜ್ಜಿಯರು ಇನ್ನೂ ನಮ್ಮ ಓಣಿಗಳಲ್ಲಿದ್ದಾರೆ. ಅವರಲ್ಲಿ ಅನೇಕರು ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಅವರು ಬಂದು ಕಲಿಸಿದರೆ ಶಾಲೆಗೇ ಗೌರವ.

ಚಿತ್ರಕಲೆಯ ಅವಧಿಗಳನ್ನು ಊರಿನ ಹಬ್ಬಗಳ ಜೊತೆಗೆ ಹೊಂದಿಸಿದ್ದೇವೆ. ಮಣ್ಣೆತ್ತಿನ ಅಮಾವಾಸ್ಯೆಯ ವಾರ ಮಕ್ಕಳು ಎರೆಮಣ್ಣಿನಲ್ಲಿ ಎತ್ತುಗಳನ್ನು ಮಾಡುತ್ತಾರೆ, ಆಷಾಢದಲ್ಲಿ ಗುಳ್ಳವ್ವನ ಮಣ್ಣಿನ ಮೂರ್ತಿಯನ್ನು. ಅಂದು ಅಂಗಿಗೆ ಮಣ್ಣು ಮೆತ್ತಿಕೊಂಡು ಬಂದರೆ ಬೈಯಬೇಡಿರೆಂದು ತಾಯಂದಿರಲ್ಲಿ ವಿಶೇಷವಾಗಿ ಕೇಳಿಕೊಳ್ಳುತ್ತೇನೆ.

ಇನ್ನು ಗ್ಯಾದರಿಂಗ್‌, ಅಂದರೆ ಶಾಲಾ ವಾರ್ಷಿಕೋತ್ಸವದ ವಿಷಯ. ವರ್ಷದ ಕೊನೆಗೆ ಸಿನಿಮಾ ಹಾಡುಗಳಿಗೆ ಕುಣಿಸಲು ಕೆಲವೇ ಮಕ್ಕಳನ್ನು ಆರಿಸಿ, ಅವರ ಬಾಡಿಗೆ ಉಡುಪಿಗೆ ತಾವು ಹಣ ಕೊಟ್ಟು, ಉಳಿದವರು ಕೆಳಗೆ ಕೂತು ನೋಡುವ ಪದ್ಧತಿ ಬಹಳ ಕಾಲದಿಂದ ನಡೆದುಬಂದಿದೆ. ಈ ವರ್ಷ ಅದನ್ನು ಕೈಬಿಡುತ್ತಿದ್ದೇವೆ. ತರಗತಿಯಲ್ಲಿ ಕಲಿತ ಹಾಡು, ಕೋಲಾಟ ಮತ್ತು ಮಕ್ಕಳೇ ಕಟ್ಟಿದ ಸಣ್ಣಾಟದ (ನಮ್ಮ ಭಾಗದ ಜಾನಪದ ನಾಟಕ) ಒಂದು ಪ್ರಸಂಗ ವೇದಿಕೆಗೆ ಬರುತ್ತವೆ. ಪ್ರತಿ ಮಗುವೂ ಏನಾದರೊಂದರಲ್ಲಿ ಭಾಗವಹಿಸುತ್ತದೆ. ಉಡುಪು ಮನೆಯಲ್ಲಿ ಇರುವುದೇ ಸಾಕು. ಶಾಲಾ ಮಕ್ಕಳ ಸ್ಪರ್ಧೆಯಾದ ಪ್ರತಿಭಾ ಕಾರಂಜಿಗೆ ಮಕ್ಕಳನ್ನು ಎಂದಿನಂತೆ ಕಳಿಸುತ್ತೇವೆ, ಆದರೆ ಅದರ ತಾಲೀಮಿಗಾಗಿ ಉಳಿದವರ ಅವಧಿಯನ್ನು ಬಳಸುವುದಿಲ್ಲ.

ಪ್ರಗತಿ ಪತ್ರದಲ್ಲಿ ಸಂಗೀತ, ಚಿತ್ರಕಲೆಗಳ ಎದುರು ಶ್ರೇಣಿ ಮಾತ್ರ ಇರುತ್ತದೆ. ಅದನ್ನು ನೋಡಿ ಪಕ್ಕದ ಮನೆಯ ಮಗುವಿನೊಂದಿಗೆ ಹೋಲಿಸಬೇಡಿರೆಂದು ವಿನಂತಿ. ಬದಲಿಗೆ, ಈ ವಾರ ಏನು ಹಾಡಿದೆ, ತೋರಿಸು ಎಂದು ಕೇಳಿರಿ.

ತಮ್ಮಿಂದ ಬೇಕಾದ ಸಹಾಯ ಎರಡು ಬಗೆಯದು. ಮನೆಯಲ್ಲಿ ಕಸೂತಿ ಬಲ್ಲವರು, ಬೀಸುವ ಪದ ಅಥವಾ ಸೋಬಾನೆ ಪದ ಬರುವವರು, ಭಜನಾ ಮೇಳದಲ್ಲಿ ತಬಲಾ ಇಲ್ಲವೇ ತಾಳ ಹಾಕುವವರು ಯಾರಾದರೂ ಇದ್ದರೆ ಶನಿವಾರ ಬೆಳಿಗ್ಗೆ ಒಂದು ಗಂಟೆ ಶಾಲೆಗೆ ಬರಬಹುದೇ ಎಂದು ಕೇಳಿ ತರಗತಿ ಶಿಕ್ಷಕರಿಗೆ ತಿಳಿಸಿರಿ. ಎಳೆ ಎಣಿಸಲು ಬರುವಂಥ ದಪ್ಪ ನೇಯ್ಗೆಯ ಹಳೆಯ ಬಟ್ಟೆ ಒಂದು ಗೇಣಿನಷ್ಟು ಇದ್ದರೆ ಮಗುವಿನ ಕೈಯಲ್ಲಿ ಕಳಿಸಿಕೊಡಿರಿ. ಸೂಜಿ, ನೂಲು, ಬಣ್ಣಗಳನ್ನು ಶಾಲೆಯೇ ಕೊಡುತ್ತದೆ. ಈ ತರಗತಿಗಳಿಗೆ ಯಾವ ಶುಲ್ಕವೂ ಇಲ್ಲ. ಸಂಜೆಯ ಪ್ರವೇಶ ಪರೀಕ್ಷೆಯ ತರಗತಿಗೆ ಸೇರಿಸಬಯಸುವವರು ಮಗುವಿನ ಹೆಸರಿನ ಜೊತೆಗೆ, ಅದನ್ನು ಮನೆಗೆ ಕರೆದೊಯ್ಯಲು ಯಾರು ಬರುತ್ತಾರೆ ಎಂಬುದನ್ನೂ ಬರೆದು, ಸಹಿ ಮಾಡಿ ಸೋಮವಾರದೊಳಗೆ ಕಳಿಸಿಕೊಡಬೇಕಾಗಿ ಕೋರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಮುಖ್ಯ ಶಿಕ್ಷಕಿ,
ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ, ಧಾರವಾಡ ತಾಲ್ಲೂಕು