ಡ್ರೋನ್ ಹಿಂಡಿನ ದಾಳಿ ಮನುಷ್ಯನ ತೀರ್ಮಾನವಾಗಿರಲಿ

ಮಾನ್ಯ ಸಂಪಾದಕರೆ,

ಜಿಪಿಎಸ್ ಸಂಕೇತ ಸಿಗದ ಕಡೆಯೂ ತಾವಾಗಿಯೇ ದಾರಿ ಕಂಡುಕೊಂಡು ಹಿಂಡಾಗಿ ಹಾರುವ ಸೇನಾ ಡ್ರೋನ್‌ಗಳ ಬಗ್ಗೆ ಈಗ ಮೆಚ್ಚುಗೆಯ ಮಾತು ಸಾಕಷ್ಟು ಕೇಳಿಬರುತ್ತಿದ್ದು, ಅದು ನ್ಯಾಯವಾದದ್ದೇ. ಸುಮಾರು 20,200 ಕಿ.ಮೀ. ಎತ್ತರದಿಂದ ಬರುವ ಜಿಪಿಎಸ್ ಸಂಕೇತ ನೆಲ ಮುಟ್ಟುವಷ್ಟರಲ್ಲಿ ತೀರ ಕ್ಷೀಣಿಸಿರುವುದರಿಂದ ಅದನ್ನು ಜ್ಯಾಮರ್‌ನಿಂದ, ಅಂದರೆ ಅದೇ ತರಂಗಾಂತರದಲ್ಲಿ ಗದ್ದಲ ಹೊಮ್ಮಿಸುವ ಸಾಧನದಿಂದ, ಅಡಗಿಸುವುದು ಕಷ್ಟವಲ್ಲವೆಂದು ಉಕ್ರೇನ್ ಯುದ್ಧ ತೋರಿಸಿಕೊಟ್ಟಿದೆ. ಜಿಪಿಎಸ್‌ನಂತೆ ಸ್ಥಳ ತಿಳಿಸುವ ನಮ್ಮದೇ ಉಪಗ್ರಹ ವ್ಯವಸ್ಥೆ ನಾವಿಕ್ ಕೂಡ ಇದಕ್ಕೆ ಹೊರತಲ್ಲ.

ಇಂಥ ಡ್ರೋನ್ ತನ್ನ ವೇಗ, ತಿರುವುಗಳನ್ನು ಒಳಗಿನ ಸಂವೇದಕಗಳಿಂದಲೇ ಲೆಕ್ಕ ಹಾಕಿಕೊಳ್ಳುತ್ತದೆ. ಆ ಲೆಕ್ಕದ ಸಣ್ಣ ತಪ್ಪು ಹೊತ್ತು ಕಳೆದಂತೆ ಬೆಳೆಯುವುದರಿಂದ, ಕ್ಯಾಮೆರಾಕ್ಕೆ ಕಂಡ ನೆಲವನ್ನು ಮೊದಲೇ ತುಂಬಿಟ್ಟ ಚಿತ್ರದೊಂದಿಗೆ ತಾಳೆ ನೋಡಿ ಸರಿಪಡಿಸಿಕೊಳ್ಳುತ್ತದೆ. ನನ್ನ ಆತಂಕವಿರುವುದು ಈ ತಾಳೆಯ ಬಗ್ಗೆಯೇ. ಮಲ್ಲೇಶ್ವರದಲ್ಲಿ ನಮ್ಮ ಮನೆ ಮುಂದಿನ ಹೊಂಗೆ ಮರ ಮಳೆಗೆ ಉರುಳಿ ಎರಡು ವರ್ಷವಾದರೂ ಫೋನಿನ ಉಪಗ್ರಹ ಚಿತ್ರದಲ್ಲಿ ಅದು ಇನ್ನೂ ಅರ್ಧ ರಸ್ತೆಯನ್ನು ಮುಚ್ಚಿಕೊಂಡು ನಿಂತಿದೆ. ಬಾಂಬ್ ಬಿದ್ದ ಊರಂತೂ ಒಂದೇ ರಾತ್ರಿಯಲ್ಲಿ ಗುರುತು ಸಿಗದಂತಾಗುತ್ತದೆ. ಹಿಂಡಿನ ಡ್ರೋನ್‌ಗಳು ಒಂದು ಇನ್ನೊಂದರ ಅಂದಾಜನ್ನು ನೆಚ್ಚಿಕೊಂಡು ಹಾರುವಾಗ, ಒಂದರ ತಪ್ಪು ಉಳಿದವಕ್ಕೂ ಹರಡಬಹುದು.

ಜಿಪಿಎಸ್ ಅಡಗಿಸಿದ ಶತ್ರು ನಿಯಂತ್ರಣ ಕೇಂದ್ರದ ರೇಡಿಯೊ ಸಂಪರ್ಕವನ್ನೂ ಸುಮ್ಮನೆ ಬಿಡುವುದಿಲ್ಲ. ಆಗ ತಪ್ಪು ನಮ್ಮ ಕಣ್ಣಿಗೆ ಬಿದ್ದರೂ ಮರಳಿ ಬರುವ ಆದೇಶ ಡ್ರೋನ್‌ಗೆ ತಲುಪುವುದಿಲ್ಲ. ಆದ್ದರಿಂದ ದಾರಿ ಹುಡುಕುವ ಕೆಲಸವನ್ನು ಯಂತ್ರಕ್ಕೆ ಒಪ್ಪಿಸಿದರೂ ಯಾರ ಮೇಲೆ ದಾಳಿ ಎಂಬ ತೀರ್ಮಾನ ಅಧಿಕಾರಿಯ ಕೈಯಲ್ಲೇ ಉಳಿಯಬೇಕು. ಸಂಪರ್ಕ ಕಡಿದರೆ ದಾಳಿಯನ್ನು ಕೈಬಿಟ್ಟು ಹಿಂತಿರುಗುವಂತೆ ಡ್ರೋನನ್ನು ತಯಾರಿಕೆಯ ಹಂತದಲ್ಲೇ ರೂಪಿಸಬೇಕು.

ಸ್ವಾಯತ್ತ ಆಯುಧಗಳ ಕುರಿತ ನಿರ್ಣಯವನ್ನು 2023ರ ಡಿಸೆಂಬರ್‌ನಲ್ಲಿ ವಿಶ್ವಸಂಸ್ಥೆಯ ಮಹಾಸಭೆಯಲ್ಲಿ 152 ದೇಶಗಳು ಬೆಂಬಲಿಸಿದಾಗ, ವಿರೋಧಿಸಿದ ನಾಲ್ಕು ದೇಶಗಳಲ್ಲಿ ಭಾರತವೂ ಒಂದಾಗಿತ್ತು. ಈ ಚರ್ಚೆ ಕೆಲವು ಸಾಂಪ್ರದಾಯಿಕ ಆಯುಧಗಳ ಒಪ್ಪಂದದಡಿ ದೇಶಗಳು ಸೇರುವ ಜಿನೀವಾದ ವೇದಿಕೆಯಲ್ಲೇ ನಡೆಯಬೇಕೆಂಬುದು ನಮ್ಮ ಸರ್ಕಾರದ ನಿಲುವು. ಆದರೆ ನಮ್ಮ ಸೇನೆಗೆ ನಾವೇ ನಿಯಮ ಮಾಡಿಕೊಳ್ಳಲು ಜಿನೀವಾಕ್ಕೆ ಕಾಯಬೇಕಿಲ್ಲ. ಚಾಲಕರಹಿತ ವಿಮಾನಗಳನ್ನು ರೂಪಿಸುವ ಡಿಆರ್‌ಡಿಒ ಪ್ರಯೋಗಾಲಯವೂ ಕೃತಕ ಬುದ್ಧಿಮತ್ತೆಯ ಕೇಂದ್ರವೂ ನಮ್ಮ ಬೆಂಗಳೂರಿನಲ್ಲೇ ಇವೆ. ಸಂಪರ್ಕ ಕಡಿದಾಗ ಡ್ರೋನ್ ಏನು ಮಾಡುತ್ತದೆ, ತಪ್ಪಾದರೆ ಹೊಣೆ ಯಾರದು ಎಂಬುದನ್ನು ರಕ್ಷಣಾ ಸಚಿವಾಲಯ ಯಲಹಂಕದ ಮುಂದಿನ ಏರೋ ಇಂಡಿಯಾ ವೈಮಾನಿಕ ಪ್ರದರ್ಶನಕ್ಕೆ ಮೊದಲಾದರೂ ಜನರ ಮುಂದಿಡಲಿ.

— ನಿವೃತ್ತ ಭೌತಶಾಸ್ತ್ರ ಅಧ್ಯಾಪಕ, ಮಲ್ಲೇಶ್ವರ, ಬೆಂಗಳೂರು