ಇನ್‌ಚಾರ್ಜ್ ಸಿಸ್ಟರ್ ಆಗಾಕ ಬರೇ ಸೀನಿಯಾರಿಟಿ ಸಾಕೇನ್ರಿ? ಆರೋಗ್ಯ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಆರೋಗ್ಯ ಸಚಿವರಿಗೆ, ಬಾಗಲಕೋಟಿ ಜಿಲ್ಲಾದಿಂದ ಒಬ್ಬ ನರ್ಸಿನ ನಮಸ್ಕಾರ.

ಸಾಹೇಬ್ರ, ಡಾಕ್ಟರ್ ಇಲ್ಲ, ಬೆಡ್ ಇಲ್ಲ, ಸ್ಕ್ಯಾನಿಂಗ್ ಮಷಿನ್ ಕೆಟ್ಟೈತಿ ಅನ್ನೋ ಮಾತು ದಿನಾ ನಿಮ್ಮ ಕಿವಿಗೆ ಬೀಳ್ತಾವ, ಆದ್ರ ವಾರ್ಡ್ ನಡಸೋ ಇನ್‌ಚಾರ್ಜ್ ಸಿಸ್ಟರ್ ಬಗ್ಗೆ ಯಾರೂ ನಿಮಗ ಹೇಳಿರಾಕಿಲ್ಲ. ಯಾರಿಗೆ ಯಾವ ಡ್ಯೂಟಿ, ಔಷಧ ತರಿಸೋ ಇಂಡೆಂಟ್, ಬೆಡ್‌ಶೀಟ್ ಲೆಕ್ಕ, ಪೇಷಂಟ್ ಕಡೆಯವರ ಸಿಟ್ಟು ಎಲ್ಲಾ ಅವರ ತಲಿಮ್ಯಾಲ. ಕಬ್ಬಿನ ಸೀಸನ್‌ದಾಗ ಮುಧೋಳ, ಜಮಖಂಡಿ ಕಡಿಂದ ಟ್ರ್ಯಾಕ್ಟರ್ ಆಕ್ಸಿಡೆಂಟ್ ಕೇಸ್ ಒಮ್ಮೆಲೇ ಬಂದ್ರ ಹೊಸಾ ಹುಡುಗ್ಯಾರು ಗಾಬರಿ ಆಗದಂಗ ನಿಲ್ಲಿಸಿ ಕೆಲಸಾ ಹಂಚೋರೂ ಅವರ.

ಇಂಥಾ ಜಾಗಕ್ಕ ಬರೋದು ಹೆಂಗ? ಸರ್ವಿಸ್ ಆತು, ಲಿಸ್ಟಿನಾಗ ಹೆಸರು ಮ್ಯಾಲ ಬಂತು, ನಾಳಿಂದ ಇನ್‌ಚಾರ್ಜ್, ಅಷ್ಟ. ಈಗಿನ ಬಿಎಸ್ಸಿ ನರ್ಸಿಂಗ್ 6ನೇ ಸೆಮಿಸ್ಟರ್‌ದಾಗ ನರ್ಸಿಂಗ್ ಮ್ಯಾನೇಜ್‌ಮೆಂಟ್ ಅಂಡ್ ಲೀಡರ್‌ಶಿಪ್ ಅಂತ ಪೇಪರ್ ಐತ್ರಿ, ಛಲೋ ಆತು, ಆದ್ರ ಅದನ್ನ ಓದಿದ ಹುಡುಗಿ ಇನ್‌ಚಾರ್ಜ್ ಆಗೂದ್ರಾಗ ಎಷ್ಟು ವರ್ಷ ಹೋಗ್ತಾವೋ ಏನೋ, ಈಗ ಆ ಕುರ್ಚಿಮ್ಯಾಲ ಇರೋ ಎಷ್ಟೋ ಮಂದಿ ಹಳೇ ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ) ಬ್ಯಾಚಿನವರು, ಪೇಷಂಟ್ ನೋಡೋದ್ರಾಗ ಅವರನ್ನ ಮೀರಿಸೋರಿಲ್ಲ, ಮಂದೀನ ನಡಸೋದು ಹೆಂಗ ಅಂತ ಮಾತ್ರ ಅವರಿಗೆ ಯಾರೂ ಕಲಿಸಿಲ್ಲ.

ನಾ ಹಿಂದ ಇದ್ದ ಒಂದು ಆಸ್ಪತ್ರ್ಯಾಗ ಪೊಟ್ಯಾಶಿಯಂ ಕ್ಲೋರೈಡ್ ಆಂಪುಲ್ (ಇಂಜೆಕ್ಷನ್ ಔಷಧದ ಸಣ್ಣ ಬಾಟ್ಲಿ), ಡಿಸ್ಟಿಲ್ಡ್ ವಾಟರ್ ಆಂಪುಲ್ ಒಂದ ಟ್ರೇದಾಗ ಇಡತಿದ್ರು. ಅವಸರದಾಗ ಎರಡೂ ಅದಲ್ ಬದಲ್ ಆಗಿ ಪೊಟ್ಯಾಶಿಯಂ ಡೈಲ್ಯೂಟ್ ಮಾಡದ ಸೀದಾ ನರಕ್ಕ ಕೊಟ್ರ ಹೃದಯ ನಿಂತು ಹೋಗಬಹುದು. ಹೊಸದಾಗಿ ಸೇರಿದಾಕಿ ಒಬ್ಬಾಕಿ ಅದನ್ನ ನೋಡಿ "ಅಕ್ಕಾ, ಇದು ಡೇಂಜರ್ ಅಲ್ಲೇನು" ಅಂತ ನನ್ನ ಕಿವ್ಯಾಗ ಅಂದ್ಲು. ಇನ್‌ಚಾರ್ಜ್‌ಗೆ ಹೇಳಾಕ ಅಂಜಿಕಿ, ಯಾಕಂದ್ರ ಅದರ ಹಿಂದಿನ ವಾರ ಇನ್ನೊಬ್ಬಾಕಿ ಡೋಸ್ ತಪ್ಪಾಗಿದ್ದನ್ನ ತಾನ ಬಂದು ಹೇಳಿ ಎಲ್ಲಾರ ಮುಂದ ಬೈಸ್ಕೊಂಡು ಮೆಮೋನೂ ತಗೊಂಡಿದ್ಲು. ಕಡಿಗೆ ನಾನ ಹೋಗಿ ಹೇಳಿ ಟ್ರೇ ಬ್ಯಾರೆ ಮಾಡಿಸಿದೆ. ಪುಣ್ಯಕ್ಕ ಯಾರಿಗೂ ಏನೂ ಆಗಲಿಲ್ಲ. ಆದ್ರ ನೋಡಿದಾಕಿ ಬಾಯಿ ಬಿಡದಂಗ ಮಾಡೋ ವಾರ್ಡಿನಾಗ ಪೇಷಂಟ್ ಸೇಫ್ ಅಂತ ಹೆಂಗ ಅನ್ನೋದ್ರಿ?

ಅಮೆರಿಕದ ಎರಡು ಆಸ್ಪತ್ರಿ ನರ್ಸಿಂಗ್ ಯೂನಿಟ್‌ಗಳ ಮ್ಯಾಲ ಏಮಿ ಎಡ್ಮಂಡ್ಸನ್ ಅನ್ನೋ ಸಂಶೋಧಕಿ ಮಾಡಿದ ಅಧ್ಯಯನ 1996ರಾಗ ಪ್ರಕಟ ಆತು. ಛಲೋ ಮ್ಯಾನೇಜರ್ ಇದ್ದ ಯೂನಿಟ್‌ನ್ಯಾಗ ಔಷಧದ ತಪ್ಪು ಕಡಿಮಿ ಇರ್ತಾವ ಅಂತ ನೋಡಾಕ ಹೋದ್ರ ಅಲ್ಲೇ ಹೆಚ್ಚು ತಪ್ಪು ದಾಖಲಾಗಿದ್ವು, ಯಾಕಂದ್ರ ಅಲ್ಲಿ ನರ್ಸ್‌ಗಳು ಅಂಜದ ಹೇಳತಿದ್ರು. ಸಾಹೇಬ್ರ, ನಮ್ಮಲ್ಲಿ ರಿಜಿಸ್ಟರ್‌ದಾಗ ತಪ್ಪ ಇಲ್ಲ ಅಂದ್ರ ಶಭಾಷ್ ಅಂತಾರ, ನನಗ ಅದನ್ನ ಕೇಳಿದ್ರ ಹೆದರಿಕಿ ಬರ್ತೈತಿ.

ಬೈಯೋ ಇನ್‌ಚಾರ್ಜ್ ಮ್ಯಾಲ ನನಗ ಸಿಟ್ಟಿಲ್ರಿ. ಇಂಡಿಯನ್ ನರ್ಸಿಂಗ್ ಕೌನ್ಸಿಲ್ ಲೆಕ್ಕದಾಗ ಟೀಚಿಂಗ್ ಆಸ್ಪತ್ರ್ಯಾಗ 3 ಪೇಷಂಟ್‌ಗೆ 1 ನರ್ಸ್, ಜನರಲ್ ಆಸ್ಪತ್ರ್ಯಾಗ 5ಕ್ಕ 1 ಇರಬೇಕು. ಅಷ್ಟು ಮಂದಿ ಕೊಡದೇ ವಾರ್ಡ್ ಕೊಟ್ರ, ಅರ್ಧ ದಿನಾ ರಿಜಿಸ್ಟರ್ ಬರಿಯೋದ್ರಾಗ ಹೋದ್ರ, ಅವರಾದ್ರೂ ಜೂನಿಯರ್ ಬಾಜೂಕ ನಿಂತು ಕಲಿಸೋದು ಯಾವಾಗ?

ನಾವು ಕೇಳೋದು ದೊಡ್ಡ ಬಜೆಟ್ಟಿಂದಲ್ಲ. ಇನ್‌ಚಾರ್ಜ್ ಆರ್ಡರ್ ಕೈಗೆ ಕೊಡೋಕಿಂತ ಮೊದ್ಲ ಟ್ರೇನಿಂಗ್ ಕೊಡ್ರಿ, ರೋಸ್ಟರ್ ಹಾಕೋದು, ಶಿಫ್ಟ್ ಹ್ಯಾಂಡೋವರ್, ಜಗಳ ಬಗಿಹರಿಸೋದು, ತಪ್ಪು ಹೇಳಿದಾಕಿ ಜೋಡಿ ಹೆಂಗ ಮಾತಾಡಬೇಕು ಅನ್ನೋದು ಇರಲಿ, ಬೆಂಗಳೂರಿಗೆ ಕರಸಬ್ಯಾಡ್ರಿ, ಬೆಳಗಾವಿ, ಬಾಗಲಕೋಟಿ, ವಿಜಯಪುರದಾಗ ನರ್ಸಿಂಗ್ ಕಾಲೇಜ್ ಅದಾವಲ್ರಿ. ತಾವಾಗೇ ತಪ್ಪು ಬಂದು ಹೇಳಿದವರಿಗೆ ಮೆಮೋ ಕೊಡಬಾರದು ಅಂತ ಒಂದು ಸರ್ಕ್ಯುಲರ್ ತರ್ರಿ, ಕಾಂಟ್ರಾಕ್ಟ್ ಮ್ಯಾಲ ಇರೋ ಹುಡುಗ್ಯಾರಿಗೂ ಅದು ಅನ್ವಯ ಆಗ್ಲಿ, ಬಾಯಿ ಬಿಟ್ರ ಕೆಲಸಾನ ಹೋಗ್ತೈತಿ ಅನ್ನೋ ಅಂಜಿಕಿ ಅವರಿಗೇ ಜಾಸ್ತಿ. ರಿಜಿಸ್ಟರ್ ಬರಿಯಾಕ ಒಬ್ಬ ಕ್ಲಾರ್ಕ್ ಸಿಕ್ರ ಇನ್ನೂ ಛಲೋ.

ಬೆಳಗಾವಿ ಅಧಿವೇಶನಕ್ಕ ಬಂದಾಗ ಸುವರ್ಣಸೌಧದಾಗ ಅರ್ಧ ತಾಸು ಬಿಡುವು ಮಾಡ್ಕೊಂಡು ಮೂರೂ ಜಿಲ್ಲಾದ ಇನ್‌ಚಾರ್ಜ್ ಸಿಸ್ಟರ್‌ಗಳನ್ನ ಕರೀರಿ. ಅವರ ಮ್ಯಾಲಿನ ಅಧಿಕಾರಿಗಳು ಹೊರಗ ಕುಂಡ್ರಲಿ, ಸಿಸ್ಟರ್‌ಗಳು ಮಾತಾಡ್ಲಿ.

ಇಂತಿ,
ಬಾಗಲಕೋಟಿ ಜಿಲ್ಲಾದ ಒಬ್ಬ ನರ್ಸ್