ಹಕ್ಸ್‌ಲಿಗೆ ಡಿಗ್ರಿ ಇರಲಿಲ್ಲ, ಪದಕಗಳಿದ್ದವು

ಮಾನ್ಯ ಸಂಪಾದಕರೇ,

ನಿಮ್ಮ ವಿಜ್ಞಾನ ಪುಟದಲ್ಲಿ ಇಂಗ್ಲೆಂಡಿನ ಜೀವವಿಜ್ಞಾನಿ ಥಾಮಸ್ ಹೆನ್ರಿ ಹಕ್ಸ್‌ಲಿಯ ಬಗ್ಗೆ ಬಂದ ಲೇಖನ ಓದಿದೆ. 1860ರಲ್ಲಿ ಆಕ್ಸ್‌ಫರ್ಡಿನಲ್ಲಿ ಡಾರ್ವಿನ್ನನ ವಿಕಾಸವಾದದ ಪರ ನಿಂತು ಬಿಷಪ್ಪನೊಡನೆ ಜಟಾಪಟಿ ನಡೆಸಿದವನ ಕತೆ ಎಷ್ಟು ಸಲ ಕೇಳಿದರೂ ರುಚಿಯೇ. ಆದರೆ ಎರಡೇ ವರ್ಷ ಶಾಲೆ ಕಂಡವ, ಡಿಗ್ರಿ ಇಲ್ಲದವ, ಆದರೂ ದೊಡ್ಡವನಾದ ಎಂದು ಅದನ್ನು ಮುಗಿಸಿರುವ ರೀತಿ ಕಂಡು, ಮೂವತ್ತು ವರ್ಷ ಪ್ರಾಣಿಶಾಸ್ತ್ರ ಪಾಠ ಮಾಡಿದ ನನಗೆ ಸುಮ್ಮನಿರಲಾಗಲಿಲ್ಲ. ಹೇಳಿದ್ದರಲ್ಲಿ ಸುಳ್ಳಿಲ್ಲ, ಹೇಳದೆ ಬಿಟ್ಟದ್ದು ಬಹಳ.

1825ರ ಮೇ 4ರಂದು ಲಂಡನ್ ಬಳಿಯ ಈಲಿಂಗ್‌ನಲ್ಲಿ ಹುಟ್ಟಿದ ಹಕ್ಸ್‌ಲಿಯ ತಂದೆ ಗಣಿತದ ಮೇಷ್ಟ್ರು. ಮನೆಯ ಪರಿಸ್ಥಿತಿ ಕುಸಿದು ಹುಡುಗನ ಶಾಲೆ ನಿಂತದ್ದು ನಿಜ. ಅವನು ತಾನೇ ಜರ್ಮನ್ ಕಲಿತ, ವೈದ್ಯರಾಗಿದ್ದ ಭಾವಂದಿರ ಕೈಕೆಳಗೆ ಶಿಷ್ಯವೃತ್ತಿ ಮಾಡಿದ. ಲೇಖನ ಇಲ್ಲಿಂದ ಒಂದೇ ನೆಗೆತಕ್ಕೆ ಹಡಗು ಹತ್ತಿಸಿಬಿಡುತ್ತದೆ. ನನ್ನ ತಕರಾರು ಇರುವುದು ನಡುವಿನ ಆ ನಾಲ್ಕು ವರ್ಷಗಳ ಬಗ್ಗೆ.

1842ರಲ್ಲಿ ಲಂಡನ್ನಿನ ಅಪಾಥಿಕರಿಗಳ ಸಂಘ, ಅಂದರೆ ಔಷಧಿಕಾರರ ಹಳೆಯ ಸಂಘ, ಸಸ್ಯಶಾಸ್ತ್ರದಲ್ಲಿ ಸ್ಪರ್ಧಾ ಪರೀಕ್ಷೆ ನಡೆಸಿತು. ಬಹುಮಾನ ಪದಕ. ಹದಿನೇಳರ ಹಕ್ಸ್‌ಲಿ ಹಟ ಹಿಡಿದು ಓದಿ ಕುಳಿತ. ಬೆಳ್ಳಿ ಪದಕ ಬಂತು. ಅದೇ ವರ್ಷ ಚೇರಿಂಗ್ ಕ್ರಾಸ್ ಆಸ್ಪತ್ರೆಯ ವೈದ್ಯಶಾಲೆಯಲ್ಲಿ ಅವನಿಗೂ ಅಣ್ಣ ಜೇಮ್ಸ್‌ಗೂ ವಿದ್ಯಾರ್ಥಿವೇತನದ ಮೇಲೆ ಸೀಟು ಸಿಕ್ಕಿತು. ಅಲ್ಲಿ ಅಂಗಕ್ರಿಯಾಶಾಸ್ತ್ರ ಕಲಿಸುತ್ತಿದ್ದ ವಾರ್ಟನ್ ಜೋನ್ಸ್‌ನಿಂದ ಕಲಿತದ್ದನ್ನು ಹಕ್ಸ್‌ಲಿ ಮುದುಕನಾದ ಮೇಲೂ ನೆನೆಯುತ್ತಿದ್ದ. ಕೂದಲ ಬುಡದ ಒಳಕವಚದಲ್ಲಿ ಅದುವರೆಗೆ ಯಾರೂ ಗುರುತಿಸದ ಒಂದು ಪದರವನ್ನು ಸೂಕ್ಷ್ಮದರ್ಶಕದಲ್ಲಿ ಕಂಡು, ಆ ಗುರುವಿನ ಪ್ರೋತ್ಸಾಹದಿಂದಲೇ 1845ರಲ್ಲಿ ಪ್ರಕಟಿಸಿದ. ಇವತ್ತಿಗೂ ವೈದ್ಯಕೀಯ ವಿದ್ಯಾರ್ಥಿಗಳು ಅದನ್ನು ಹಕ್ಸ್‌ಲಿ ಪದರ ಎಂದೇ ಓದುತ್ತಾರೆ. ಅದೇ ವರ್ಷ ಲಂಡನ್ ವಿಶ್ವವಿದ್ಯಾಲಯದ ಎಂ.ಬಿ. ಎಂಬ ವೈದ್ಯ ಪದವಿಯ ಮೊದಲ ಪರೀಕ್ಷೆಯಲ್ಲಿ ಅಂಗರಚನೆ ಮತ್ತು ಅಂಗಕ್ರಿಯಾಶಾಸ್ತ್ರಕ್ಕೆ ಚಿನ್ನದ ಪದಕ ಪಡೆದ.

ಡಿಗ್ರಿ ಬಾರದಿದ್ದುದು ಎರಡನೆಯ ಪರೀಕ್ಷೆಗೆ ಕೂರದ್ದರಿಂದ. ತಲೆಯ ಮೇಲೆ ಸಾಲವಿತ್ತು, ಸಂಬಳ ಬೇಕಿತ್ತು. ನೌಕಾಪಡೆಗೆ ಸೇರಿ 1846ರ ಡಿಸೆಂಬರಿನಲ್ಲಿ ರ್‍ಯಾಟಲ್‌ಸ್ನೇಕ್ ಹಡಗಿನಲ್ಲಿ ಸಹಾಯಕ ವೈದ್ಯನಾಗಿ ಆಸ್ಟ್ರೇಲಿಯಾದತ್ತ ಹೊರಟ. ಅಲ್ಲಿಂದ ಬರೆದು ಕಳಿಸಿದ ಲೋಳೆಮೀನಿನ ಅಧ್ಯಯನ ಅವನಿಗೆ 1851ರಲ್ಲಿ ಬ್ರಿಟನ್ನಿನ ವಿಜ್ಞಾನಿಗಳ ಸಂಘವಾದ ರಾಯಲ್ ಸೊಸೈಟಿಯ ಸದಸ್ಯತ್ವವನ್ನೂ ಮರುವರ್ಷ ಅದರ ರಾಯಲ್ ಪದಕವನ್ನೂ ತಂದಿತು. ಮುಂದಿನದ್ದು ಎಲ್ಲರಿಗೂ ಗೊತ್ತು. ಇಂಥವನನ್ನು ಪರೀಕ್ಷೆಗೆ ಬೆನ್ನು ತಿರುಗಿಸಿ ಗೆದ್ದವನೆಂದು ಹದಿನೆಂಟರ ಹುಡುಗರಿಗೆ ತೋರಿಸುವುದು ಅನ್ಯಾಯ. ಕೈಯಲ್ಲಿ ಕಾಸಿಲ್ಲದ, ಹಿಂದೆ ಯಾರೂ ಇಲ್ಲದ ಹುಡುಗನಿಗೆ ಶಿಫಾರಸು ಪತ್ರ ಯಾರು ಕೊಡುತ್ತಾರೆ? ಅವನಿಗೆ ಪದಕವೇ ಆ ಪತ್ರ. (ಮುಂದೆ ತಾನೇ ಪರೀಕ್ಷಕನಾದಾಗ, ಹುಡುಗರು ತಿಳಿಯಲಿಕ್ಕಲ್ಲ, ಪಾಸಾಗಲಿಕ್ಕೆ ಓದುತ್ತಾರೆ ಎಂದು ಬೈದವನೂ ಇವನೇ. ಅದು ಬೇರೆ ಮಾತು.)

ಇನ್ನೊಂದು ವಿಷಯ. 1842ರ ಆ ಪರೀಕ್ಷೆಯಲ್ಲಿ ಹಕ್ಸ್‌ಲಿಗೆ ಬಂದದ್ದು ಎರಡನೆಯ ಸ್ಥಾನ. ಮೊದಲನೆಯವನು ಯೂನಿವರ್ಸಿಟಿ ಕಾಲೇಜಿನ ಜಾನ್ ಎಲರ್ಟನ್ ಸ್ಟಾಕ್ಸ್. ಆ ದಿನ ಇಬ್ಬರಲ್ಲಿ ಯಾರು ಹೆಸರು ಮಾಡುತ್ತಾರೆಂದು ಕೇಳಿದ್ದರೆ ಪರೀಕ್ಷಕರು ಸ್ಟಾಕ್ಸ್‌ನತ್ತಲೇ ಬೆರಳು ತೋರಿಸುತ್ತಿದ್ದರೇನೋ. ಅವನು ಮುಂಬಯಿ ಪ್ರಾಂತ್ಯದ ವೈದ್ಯಕೀಯ ಸೇವೆಗೆ ಸೇರಿ ಭಾರತಕ್ಕೆ ಬಂದ. ಸಿಂಧ್‌ನಲ್ಲೂ ಬಲೂಚಿಸ್ತಾನದಲ್ಲೂ ಅಲೆದು ಗಿಡಗಳನ್ನು ಸಂಗ್ರಹಿಸಿ, ಅವನ್ನು ಕ್ರಮಪಡಿಸಲೆಂದು ಇಂಗ್ಲೆಂಡಿಗೆ ಮರಳಿದವನು 1854ರಲ್ಲಿ ತೀರಿಕೊಂಡ. ರ್‍ಯಾಟಲ್‌ಸ್ನೇಕ್‌ನಿಂದ ಇಳಿದಿದ್ದ ಹಕ್ಸ್‌ಲಿಗೆ ಲಂಡನ್ನಿನಲ್ಲಿ ಕಾಯಂ ಕೆಲಸ ಸಿಕ್ಕಿದ್ದೂ ಅದೇ ವರ್ಷ.

ಉತ್ತರ ಕನ್ನಡದಿಂದ ಕೊಂಕಣದವರೆಗೆ ಮನೆಯಂಗಳದ ಬೇಲಿಗುಂಟ ಬೆಳೆಸುವ, ಮುಳ್ಳಿಲ್ಲದ, ಗಟ್ಟಿ ಗಳುವಿನ ಬಿದಿರೊಂದಿದೆ. ಅದರ ಶಾಸ್ತ್ರೀಯ ಹೆಸರು ಡೆಂಡ್ರೊಕ್ಯಾಲಮಸ್ ಸ್ಟಾಕ್ಸೈ. ಆ ಸ್ಟಾಕ್ಸ್ ಇವನೇ. ಹಕ್ಸ್‌ಲಿಯ ಬಗ್ಗೆ ಮುಂದೆ ಬರೆಯಿಸುವಾಗ ಅವನನ್ನು ಹಿಂದಿಕ್ಕಿದ ಈ ಹುಡುಗನಿಗೂ ಒಂದೆರಡು ಸಾಲು ಜಾಗ ಕೊಡಿ ಎಂದು ವಿನಂತಿ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಉಪನ್ಯಾಸಕ, ಶಿರಸಿ